ಬಾರ್ ಕೌಂಟರ್‌ನಿಂದ ಹೋಟೆಲ್ ಮ್ಯಾನೇಜರ್ ಕುರ್ಚಿವರೆಗೆ: ನಮ್ಮ ಭಾಗದ ಯುವಕರು, ಮನೆಯವರು ತಿಳಿದಿರಬೇಕಾದ ಸಂಗತಿಗಳು

ಅಂಬೇವಾಡಿ (ದಾಂಡೇಲಿ): "ಹುಡುಗ ಏನ್ ಮಾಡ್ತಾನ್ರೀ?" ಅಂತ ಯಾರಾದರೂ ಕೇಳಿದರೆ "ರೆಸಾರ್ಟ್‌ನಾಗ ಅದಾನ್ರಿ" ಅಂತಾರೆ ಮನೆಯವರು. ರೆಸಾರ್ಟ್‌ನಲ್ಲಿ ಏನು ಕೆಲಸ ಅಂತ ಮುಂದಿನ ಪ್ರಶ್ನೆ ಬಂದರೆ ಮಾತು ಬೇರೆ ಕಡೆ ತಿರುಗುತ್ತದೆ. ಬಾರ್ ಕೌಂಟರ್‌ನಲ್ಲಿ ನಿಲ್ಲುತ್ತಾನೆ ಅಂತ ಹೇಳಲು ಅಪ್ಪನಿಗೂ ಸಂಕೋಚ, ಅವ್ವನಿಗೂ ಸಂಕೋಚ. ಹೆಣ್ಣು ನೋಡಲು ಹೋದಾಗಂತೂ ಆ ಮಾತೇ ಎತ್ತುವುದಿಲ್ಲ.

ಆದರೆ ಅದೇ ಹುಡುಗ ಆ ಕೌಂಟರ್‌ನಲ್ಲಿ ನಾಲ್ಕು ವರ್ಷ ಸರಿಯಾಗಿ ನಿಂತರೆ ಎಲ್ಲಿಗೆ ಹೋಗಬಹುದು, ಸರಿಯಾಗಿ ನಿಲ್ಲದಿದ್ದರೆ ಏನಾಗಬಹುದು ಅನ್ನೋದನ್ನು ನಮ್ಮಲ್ಲಿ ಯಾರೂ ಕುಳಿತು ಹೇಳಿಕೊಡುವುದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಯುವಕರು ಹಾಗೂ ಅಂಗಡಿ-ಹೋಟೆಲ್ ನಡೆಸುವವರಿಗಾಗಿ ಆ ಮಾಹಿತಿ ಇಲ್ಲಿದೆ.

ಈ ಮಾತು ಈಗ ಯಾಕೆ?

ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಕೆಲಸ ಅಂದ್ರೆ ಪೇಪರ್ ಮಿಲ್. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಶುರುವಾದ ಮೇಲೆ ಊರು ಬೆಳೆದದ್ದೇ ಅದರ ಸುತ್ತ. ಈಗ ಅದರ ಜೊತೆಗೆ ಇನ್ನೊಂದು ದುಡಿಮೆ ಬಂದಿದೆ: ಪ್ರವಾಸೋದ್ಯಮ. ಅಣಶಿ-ದಾಂಡೇಲಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರು ಪಡೆಯಿತು. ಗಣೇಶಗುಡಿಯ ರಾಫ್ಟಿಂಗ್, ಮಂಗಟ್ಟೆ ಹಕ್ಕಿ, ಸಿಂಥೇರಿ ಬಂಡೆ, ಕವಳಾ ಗುಹೆ ನೋಡಲು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆ, ಗೋವಾ ಕಡೆಯಿಂದ ಜನ ಬರುತ್ತಾರೆ. ಅಂಬೇವಾಡಿ ನಿಲ್ದಾಣಕ್ಕೆ 2019ರಲ್ಲಿ ಪ್ಯಾಸೆಂಜರ್ ರೈಲು ಮತ್ತೆ ಬಂದಾಗ ಊರಿನವರು ಖುಷಿಪಟ್ಟದ್ದಕ್ಕೆ ಇದೂ ಒಂದು ಕಾರಣ.

ಜನ ಬಂದಲ್ಲಿ ಊಟ, ಹಾಸಿಗೆ, ಪಾನೀಯ ಬೇಕು. ಅದನ್ನು ಕೊಡಲು ಕೈಗಳು ಬೇಕು. ಇಲ್ಲಿಯ ಎಷ್ಟೋ ಹುಡುಗರು ರಾಮನಗರ, ಅನಮೋಡ ದಾಟಿ ಗೋವಾದ ಹೋಟೆಲ್‌ಗಳಿಗೂ ಹೋಗುತ್ತಾರೆ. ಕೆಲವರು ಒಂದೆರಡು ಸೀಸನ್ ಮಾಡಿ ವಾಪಸ್ ಬಂದು "ಅಲ್ಲೇನೂ ಇಲ್ಲ ಬಿಡ್ರಿ" ಅಂತಾರೆ. ಕೆಲವರು ಅದೇ ಕೆಲಸವನ್ನು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಇಬ್ಬರ ನಡುವಿನ ವ್ಯತ್ಯಾಸ ಹಣೆಬರಹದ್ದಲ್ಲ, ಕೌಂಟರ್ ಹಿಂದೆ ನಿಂತು ಏನು ಕಲಿತರು ಅನ್ನೋದರದ್ದು.

ಬಾರ್‌ಟೆಂಡರ್ ಕೆಲಸ ಅಂದ್ರೆ ನಿಜವಾಗಿ ಏನು?

ಗ್ಲಾಸಿಗೆ ಸುರಿಯೋದು ಕೆಲಸದ ಸಣ್ಣ ಭಾಗ. ಬಾಗಿಲು ತೆರೆಯುವ ಮೊದಲೇ ಕೆಲಸ ಶುರುವಾಗುತ್ತದೆ. ನಿನ್ನೆಯ ಉಳಿಕೆ ಎಣಿಸಬೇಕು, ಸ್ಟೋರ್‌ನಿಂದ ಬಂದ ಮಾಲು ಬರೆದುಕೊಳ್ಳಬೇಕು. ಐಸ್, ಲಿಂಬು, ಸೋಡಾ, ಜ್ಯೂಸ್ ಸಿದ್ಧ ಮಾಡಬೇಕು. ಗ್ಲಾಸ್‌ಗಳನ್ನು ಬೆಳಕಿಗೆ ಹಿಡಿದು ಕಲೆ ಇಲ್ಲ ಅಂತ ನೋಡಿ ಒರೆಸಿಡಬೇಕು.

ಗಿರಾಕಿ ಬಂದ ಮೇಲೆ ಆರ್ಡರ್ ತೆಗೆದುಕೊಳ್ಳೋದು, ಕೆಒಟಿ ನೋಡಿ ಅಳತೆ ಪ್ರಕಾರ ಕೊಡೋದು, ಬಿಲ್ಲಿಗೆ ಸೇರಿಸೋದು. ಒಂದೇ ಹೊತ್ತಿಗೆ ಆರು ಟೇಬಲ್‌ನ ಆರ್ಡರ್ ತಲೆಯಲ್ಲಿರಬೇಕು. ರಾತ್ರಿ ಮುಚ್ಚಿದ ಮೇಲೆ ಮತ್ತೆ ಎಣಿಕೆ, ಕ್ಯಾಶ್ ತಾಳೆ, ತೊಳೆಯೋದು, ಬೀಗ. ಅಂದ್ರೆ ಇದು ಅಡುಗೆಮನೆ, ಸ್ಟೋರ್, ಕ್ಯಾಶ್ ಕೌಂಟರ್, ರಿಸೆಪ್ಷನ್ ನಾಲ್ಕೂ ಸೇರಿದ ಕೆಲಸ. ಹೋಟೆಲ್‌ನ ಬೇರೆ ಯಾವ ಸಣ್ಣ ಹುದ್ದೆಯಲ್ಲೂ ಇಷ್ಟು ವಿಭಾಗ ಒಟ್ಟಿಗೆ ಕಾಣಸಿಗುವುದು ಕಡಿಮೆ.

ಕೌಂಟರ್ ಕಲಿಸುವ ಐದು ಪಾಠ

1. ಅಳತೆ ಮತ್ತು ಲೆಕ್ಕ. ಸ್ಮಾಲ್ ಅಂದ್ರೆ 30 ಎಂಎಲ್, ಲಾರ್ಜ್ ಅಂದ್ರೆ 60 ಎಂಎಲ್. 750 ಎಂಎಲ್ ಬಾಟಲಿಯಲ್ಲಿ ಸರಿಯಾಗಿ 25 ಸ್ಮಾಲ್ ಬರಬೇಕು. ಕೈ ಅಂದಾಜಿನಲ್ಲಿ ಪ್ರತಿ ಸ್ಮಾಲ್‌ಗೆ ಬರೀ 5 ಎಂಎಲ್ ಹೆಚ್ಚು ಸುರಿದರೆ 21 ಸ್ಮಾಲ್‌ಗೆ ಬಾಟಲಿ ಹೆಚ್ಚೂಕಡಿಮೆ ಖಾಲಿ. ಬಾಟಲಿಗೆ ಸುಮಾರು ಮೂರುವರೆ ಪೆಗ್ ಹೋಯಿತು. ಒಂದು ಪೆಗ್ಗಿಗೆ 100 ರೂಪಾಯಿ, ದಿನಕ್ಕೆ 10 ಬಾಟಲಿ ಅಂತ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 3,500, ತಿಂಗಳಿಗೆ ಲಕ್ಷ ರೂಪಾಯಿ ಮೇಲೆ ಸೋರಿಕೆ! ಕಡಿಮೆ ಸುರಿದರೆ ಗಿರಾಕಿಗೆ ಮೋಸ. ಅದಕ್ಕೇ ಅಳತೆ ಲೋಟ (ಪೆಗ್ ಮೆಷರ್) ಬಿಟ್ಟು ಕೈ ಹಾಕಬಾರದು ಅನ್ನೋದು. ಈ ಲೆಕ್ಕ ತಲೆಗೆ ಹತ್ತಿದ ಹುಡುಗ ನಾಳೆ ಅಕ್ಕಿ, ಎಣ್ಣೆ, ಡೀಸೆಲ್ ಎಲ್ಲದರ ಲೆಕ್ಕವನ್ನೂ ಹಾಗೇ ನೋಡುತ್ತಾನೆ. ಮ್ಯಾನೇಜರ್ ಕೆಲಸದ ಅರ್ಧ ಭಾಗ ಇದೇ.

2. ಸ್ಟಾಕ್ ಬುಕ್. ಆರಂಭದ ಉಳಿಕೆ, ಬಂದದ್ದು, ಕೊನೆಯ ಉಳಿಕೆ. ಮೊದಲೆರಡನ್ನು ಕೂಡಿಸಿ ಕೊನೆಯದನ್ನು ಕಳೆದರೆ ಮಾರಾಟ. ಅದು ಬಿಲ್ಲಿನೊಂದಿಗೆ ತಾಳೆ ಆಗಬೇಕು. ಆಗದಿದ್ದರೆ ಆ ರಾತ್ರಿಯೇ ಕಾರಣ ಹುಡುಕಬೇಕು, "ನಾಳೆ ನೋಡೋಣ" ಅಂದ್ರೆ ಸಿಗೋದಿಲ್ಲ. ಕಿರಾಣಿ ಅಂಗಡಿ ನಡೆಸುವವರಿಗೆ ಇದು ಹೊಸದೇನಲ್ಲ. ಆದರೆ ಇಪ್ಪತ್ತೊಂದು ವರ್ಷದ ಹುಡುಗನಿಗೆ ಇದನ್ನು ಸಂಬಳ ಕೊಟ್ಟು ಕಲಿಸುವ ಜಾಗ ಹೆಚ್ಚಿಲ್ಲ.

3. ಮುಖ, ಹೆಸರು, ಇಷ್ಟ. ಹೋದ ವರ್ಷ ಬಂದ ಗಿರಾಕಿ ಈ ವರ್ಷ ಬಂದಾಗ "ನಿಮಗೆ ಐಸ್ ಬ್ಯಾಡಲ್ರೀ ಸರ್?" ಅಂತ ಕೇಳಿದರೆ ಅವರು ಮುಂದಿನ ವರ್ಷವೂ ಅಲ್ಲಿಗೇ ಬರುತ್ತಾರೆ. ಆತಿಥ್ಯ ಅಂದ್ರೆ ಇಷ್ಟೇ. ಕುಡಿಯದವರು, ಮಕ್ಕಳು, ಅಜ್ಜಿಯರೂ ಅದೇ ಟೇಬಲ್‌ನಲ್ಲಿ ಇರುತ್ತಾರೆ, ಅವರ ಜ್ಯೂಸಿಗೂ ಅಷ್ಟೇ ಗಮನ ಬೇಕು.

4. 'ಸಾಕು' ಅಂತ ಹೇಳುವ ಕಲೆ. ಎಲ್ಲಕ್ಕಿಂತ ಕಷ್ಟದ ಪಾಠ ಇದು. ಹೆಚ್ಚು ಕುಡಿದವನಿಗೆ ಅವಮಾನ ಆಗದಂತೆ, ಜಗಳ ಆಗದಂತೆ ನಿಲ್ಲಿಸಬೇಕು. ನೀರು ಕೊಡೋದು, ಊಟ ಮುಂದೆ ತಳ್ಳೋದು, ಜೊತೆಗಿದ್ದವರಿಗೆ ಮೆಲ್ಲಗೆ ಹೇಳೋದು. ನಮ್ಮ ಭಾಗದಲ್ಲಿ ಇದು ಪ್ರಾಣದ ಪ್ರಶ್ನೆ. ಕಾಳಿ ನದಿಯಲ್ಲಿ ಸೆಳವು ಇದೆ, ದಾಂಡೇಲಿ ಸುತ್ತ ಮೊಸಳೆ ಇದೆ, ರಾತ್ರಿ ಕಾಡಿನ ರಸ್ತೆಯಲ್ಲಿ ಕಾಟಿ, ಕಡವೆ ಅಡ್ಡ ಬರುತ್ತವೆ. ಕುಡಿದು ನೀರಿಗಿಳಿಯಲು ಹೊರಟವನನ್ನು ಮೊದಲು ನೋಡುವುದು ಕೌಂಟರ್‌ನಲ್ಲಿ ನಿಂತವನೇ. ಅವನು ಆಡುವ ಒಂದು ಮಾತು ಒಂದು ಮನೆಯನ್ನು ಉಳಿಸಬಹುದು.

5. ಭಾಷೆ. ಇದರಲ್ಲಿ ನಮ್ಮ ಹುಡುಗರು ಹುಟ್ಟಾ ಮುಂದೆ. ಕನ್ನಡ, ಕೊಂಕಣಿ, ಮರಾಠಿ, ಹಿಂದಿ-ಉರ್ದು ದಾಂಡೇಲಿ ಓಣಿಯಲ್ಲೇ ಬರುತ್ತದೆ. ಇದಕ್ಕೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಸೇರಿದರೆ ಬೆಂಗಳೂರು, ಗೋವಾ, ಮುಂಬೈ ಎಲ್ಲಿ ಹೋದರೂ ನಡೆಯುತ್ತದೆ.

ಮೆಟ್ಟಿಲುಗಳು ಹೇಗಿವೆ?

ಸಾಮಾನ್ಯವಾಗಿ ದೊಡ್ಡ ಹೋಟೆಲ್‌ಗಳಲ್ಲಿ ಏಣಿ ಹೀಗಿರುತ್ತದೆ:

- ಹೆಲ್ಪರ್ ಅಥವಾ ಬಾರ್ ಬ್ಯಾಕ್: ಗ್ಲಾಸ್, ಐಸ್, ಸ್ಟೋರ್‌ನಿಂದ ಮಾಲು ತರೋದು
- ಬಾರ್‌ಟೆಂಡರ್
- ಸೀನಿಯರ್ ಅಥವಾ ಹೆಡ್ ಬಾರ್‌ಟೆಂಡರ್: ಹೊಸಬರಿಗೆ ಕಲಿಸೋದು, ಮೆನು ಮಾಡೋದು
- ಬಾರ್ ಮ್ಯಾನೇಜರ್: ಖರೀದಿ, ಲೈಸೆನ್ಸ್ ಪುಸ್ತಕ, ಡ್ಯೂಟಿ ಪಟ್ಟಿ
- ಎಫ್ ಅಂಡ್ ಬಿ ಮ್ಯಾನೇಜರ್: ರೆಸ್ಟೋರೆಂಟ್, ಬಾರ್, ರೂಮ್ ಸರ್ವಿಸ್, ಪಾರ್ಟಿ ಎಲ್ಲವೂ
- ಜನರಲ್ ಮ್ಯಾನೇಜರ್: ಇಡೀ ಹೋಟೆಲ್

ಪಕ್ಕಕ್ಕೆ ಹೊರಳುವ ದಾರಿಗಳೂ ಇವೆ. ಕ್ರೂಸ್ ಹಡಗು, ಮದುವೆ-ಸಮಾರಂಭದ ಕೇಟರಿಂಗ್, ಪಾನೀಯ ಕಂಪನಿಗಳ ತರಬೇತುದಾರ, ಸ್ವಂತ ಖಾನಾವಳಿ, ಹೋಂಸ್ಟೇ. ಮದ್ಯವೇ ಬೇಡ ಅನ್ನಿಸಿದರೆ ಕಾಫಿ, ಜ್ಯೂಸ್, ಮಾಕ್‌ಟೇಲ್ ಕಡೆಗೆ ಹೋಗಬಹುದು. ಕಲಿತ ಕೈಚಳಕ ಅಲ್ಲೂ ಅದೇ.

ಕೆಳಗಿನಿಂದ ಹತ್ತಿದವರು

ಹೋಟೆಲ್ ಉದ್ಯಮದಲ್ಲಿ ಸಣ್ಣ ಕೆಲಸದಿಂದ ಶುರು ಮಾಡೋದು ನಮ್ಮ ಕನ್ನಡದವರಿಗೆ ಹೊಸದಲ್ಲ. ದಕ್ಷಿಣ ಕನ್ನಡದ ಕಡಂದಲೆಯಿಂದ ಮದ್ರಾಸಿಗೆ ಹೋದ ಕೆ. ಕೃಷ್ಣರಾವ್ ಹೋಟೆಲ್ ಅಡುಗೆಮನೆಯ ಸಹಾಯಕರಾಗಿ ದುಡಿದವರು. 1930ರ ದಶಕದ ಕೊನೆಯ ಹೊತ್ತಿಗೆ ಅದೇ ಊರಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಕಟ್ಟಿದರು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರು ಮಾಡಿದ ಮಯ್ಯ ಸಹೋದರರು ಮೊದಲು ಬೇರೆಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು. ಮುಂಬೈಗೆ ಹೋದ ಕರಾವಳಿಯ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲ್‌ನಲ್ಲಿ ಓದಿ, ವೇಟರ್ ಆಗಿ, ಕ್ಯಾಪ್ಟನ್ ಆಗಿ, ಕೊನೆಗೆ ರೆಸ್ಟೋರೆಂಟ್, ಪರ್ಮಿಟ್ ರೂಮ್ ಮಾಲೀಕರಾದದ್ದು ಅಲ್ಲಿಯ ಕನ್ನಡಿಗರ ಮನೆಮನೆಯ ಕಥೆ.

ಒಬೆರಾಯ್ ಹೋಟೆಲ್‌ಗಳ ಸ್ಥಾಪಕ ಎಂ.ಎಸ್. ಒಬೆರಾಯ್ 1922ರಲ್ಲಿ ಶಿಮ್ಲಾದ ಸೆಸಿಲ್ ಹೋಟೆಲ್‌ನಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳದ ಗುಮಾಸ್ತ. 1934ರಲ್ಲಿ ಅದೇ ಊರಿನ ಕ್ಲಾರ್ಕ್ಸ್ ಹೋಟೆಲ್ ಖರೀದಿಸಿದರು.

ಬಾರ್ ಕೌಂಟರ್‌ನಿಂದಲೇ ಹೆಸರಾದವರೂ ಇದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಶತ್‌ಭಿ ಬಸು 1980ರ ದಶಕದಲ್ಲಿ, ಹೆಣ್ಣುಮಕ್ಕಳು ಕೌಂಟರ್ ಹಿಂದೆ ನಿಲ್ಲೋದು ಊಹಿಸಲೂ ಆಗದ ಕಾಲದಲ್ಲಿ, ಮುಂಬೈನಲ್ಲಿ ಈ ವೃತ್ತಿಗೆ ಬಂದರು. ಮುಂದೆ 'ಸ್ಟಿರ್' ಎಂಬ ಬಾರ್‌ಟೆಂಡಿಂಗ್ ತರಬೇತಿ ಶಾಲೆಯನ್ನೇ ತೆರೆದರು. ಡಾರ್ಜಿಲಿಂಗ್ ಕಡೆಯ ಯಾಂಗ್‌ಡುಪ್ ಲಾಮಾ ದೆಹಲಿಯ ಹೋಟೆಲ್ ಬಾರ್‌ನಲ್ಲಿ ಕೆಲಸ ಮಾಡಿ, ನಂತರ ಪಾಲುದಾರರೊಂದಿಗೆ 'ಸೈಡ್‌ಕಾರ್' ಶುರು ಮಾಡಿದರು. ಅದು ಏಷ್ಯಾದ 50 ಉತ್ತಮ ಬಾರ್‌ಗಳ ಪಟ್ಟಿಗೆ ಸೇರಿದೆ. ಡಾರ್ಜಿಲಿಂಗ್ ಕೂಡ ನಮ್ಮ ಹಾಗೇ ಗುಡ್ಡ, ಕಾಡು, ಪ್ರವಾಸಿಗರ ಊರು ಅನ್ನೋದು ನೆನಪಿರಲಿ.

ಓದು ಬೇಕಾ? ಬೇಕೇ ಬೇಕು

ಅನುಭವ ಒಂದೇ ಸಾಕು ಅನ್ನೋರು ಬಾರ್‌ಟೆಂಡರ್ ಮೆಟ್ಟಿಲಲ್ಲೇ ನಿಲ್ಲುವುದು ಹೆಚ್ಚು. ಮ್ಯಾನೇಜರ್ ಹುದ್ದೆಗೆ ಕಾಗದ ಕೇಳುತ್ತಾರೆ. ಲಭ್ಯವಿರುವ ದಾರಿಗಳು:

ಪಿಯುಸಿ ಆದವರಿಗೆ: ಕೇಂದ್ರ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳ (ಐಎಚ್‌ಎಂ) ಪದವಿ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯಲ್ಲಿ ಐಎಚ್‌ಎಂ ಇದೆ. ಪ್ರವೇಶಕ್ಕೆ ಎನ್‌ಸಿಎಚ್‌ಎಂ ಜೆಇಇ ಎಂಬ ಪರೀಕ್ಷೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ವಿಭಾಗದವರು ಬರೆಯಬಹುದು, ಪಿಯುಸಿಯಲ್ಲಿ ಇಂಗ್ಲಿಷ್ ಪಾಸಾಗಿರಬೇಕು. ಇಷ್ಟು ವರ್ಷ ಕಾಯಲು ಆಗದವರಿಗೆ ಫುಡ್ ಅಂಡ್ ಬೆವರೇಜ್ ಸರ್ವಿಸ್‌ನಲ್ಲಿ ಕಡಿಮೆ ಅವಧಿಯ ಡಿಪ್ಲೊಮಾ ಕೂಡ ಉಂಟು. ಮಣಿಪಾಲದಲ್ಲಿ ಖಾಸಗಿ ಕಾಲೇಜಿದೆ, ಶುಲ್ಕ ಹೆಚ್ಚು.

ಕಡಿಮೆ ಓದಿದವರಿಗೆ: ಕೇಂದ್ರ ಪ್ರವಾಸೋದ್ಯಮ ಇಲಾಖೆ 2009-10ರಲ್ಲಿ ಶುರು ಮಾಡಿದ 'ಹುನರ್ ಸೇ ರೋಜಗಾರ್ ತಕ್' ಯೋಜನೆಯಲ್ಲಿ ಅಡುಗೆ, ಸರ್ವಿಸ್, ಹೌಸ್‌ಕೀಪಿಂಗ್‌ನ ಉಚಿತ ಅಲ್ಪಾವಧಿ ತರಬೇತಿ. ಯಾವ ಬ್ಯಾಚ್ ಯಾವಾಗ ಅಂತ ಐಎಚ್‌ಎಂನಲ್ಲಿ ಕೇಳಬೇಕು.

ಸ್ವಂತ ಉದ್ಯೋಗ ಮಾಡುವವರಿಗೆ: ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಗ್ರಾಮೀಣ ಯುವಕರಿಗೆ ಊಟ-ವಸತಿ ಸಹಿತ ಉಚಿತ ತರಬೇತಿ, ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಮಾರ್ಗದರ್ಶನ ಅಲ್ಲಿ ಸಿಗುತ್ತದೆ. ನಾಲ್ಕು ವರ್ಷ ಹೋಟೆಲ್‌ನಲ್ಲಿ ದುಡಿದು ಖಾನಾವಳಿ ಹಾಕಬೇಕು ಅನ್ನೋರು ಮೊದಲು ಅಲ್ಲಿಗೆ ಹೋಗಿ ಬರಲಿ.

ಎಸ್‌ಎಸ್‌ಎಲ್‌ಸಿ ಮಾತ್ರ ಬಿಡಬೇಡಿ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ ಅಂತ ಬರುತ್ತದೆ. ಅಂಥವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಲು ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ.

ಕಾನೂನು ಗೊತ್ತಿರ್ಲಿ

- ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ. "ದೊಡ್ಡವರ ಮಗ" ಅಂತ ಬಿಡಬೇಡಿ.
- ಲೈಸೆನ್ಸ್‌ಗಳು ಬೇರೆ ಬೇರೆ. ಸಿಎಲ್-2 ಅಂದ್ರೆ ಪಾರ್ಸೆಲ್ ಒಯ್ಯುವ ವೈನ್ ಶಾಪ್, ಅಲ್ಲೇ ಕುಡಿಸುವಂತಿಲ್ಲ. ಸಿಎಲ್-4 ಕ್ಲಬ್‌ಗೆ. ಸಿಎಲ್-7 ವಸತಿ ಹೋಟೆಲ್‌ಗೆ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್‌ಗೆ. ನೀವು ಕೆಲಸ ಮಾಡುವ ಜಾಗದ ಲೈಸೆನ್ಸ್ ಯಾವುದು ಅಂತ ಮೊದಲ ದಿನವೇ ಕೇಳಿ.
- ಹೋಂಸ್ಟೇಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು ಅಪರಾಧ. ದಾಳಿ ಆದರೆ ಗ್ಲಾಸ್ ಕೈಯಲ್ಲಿ ಹಿಡಿದು ನಿಂತ ಹುಡುಗನೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಹೆಸರಿಗೆ ಒಂದು ಕೇಸು ಬಿದ್ದರೆ ಪಾಸ್‌ಪೋರ್ಟ್ ಪರಿಶೀಲನೆಯಲ್ಲೇ ಅಡ್ಡಿ.
- ಕುಡಿದು ಗಾಡಿ ಓಡಿಸಿದರೆ ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ತಪ್ಪು. ಗಿರಾಕಿಗೆ ಡ್ರೈವರ್ ಗೊತ್ತು ಮಾಡಿಕೊಡೋದು ಒಳ್ಳೆ ಹೋಟೆಲ್‌ನ ಲಕ್ಷಣ.

ಹೆಣ್ಣುಮಕ್ಕಳಿಗೆ ಈ ಕೆಲಸ ಇದೆಯಾ?

ದೆಹಲಿಯಲ್ಲಿ ಜಾರಿಯಲ್ಲಿದ್ದ ಹಳೇ ಪಂಜಾಬ್ ಅಬಕಾರಿ ಕಾಯ್ದೆ ಮದ್ಯ ಬಡಿಸುವ ಜಾಗದಲ್ಲಿ ಹೆಂಗಸರು ಕೆಲಸ ಮಾಡುವುದನ್ನೇ ತಡೆದಿತ್ತು. ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಕೆಲಸ ಕಸಿಯಬಾರದು, ಅವರಿಗೆ ಸುರಕ್ಷಿತ ವಾತಾವರಣ ಮಾಡಿಕೊಡಬೇಕು ಅನ್ನೋದು ತೀರ್ಪಿನ ತಿರುಳು. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳು ರಿಸೆಪ್ಷನ್, ಅಡುಗೆ, ಹೌಸ್‌ಕೀಪಿಂಗ್‌ನಿಂದ ಶುರು ಮಾಡೋದೇ ಹೆಚ್ಚು. ಮೇಲಿನ ಮೆಟ್ಟಿಲು ಎಲ್ಲರಿಗೂ ಒಂದೇ. ರಾತ್ರಿ ಪಾಳಿ ಇದ್ದರೆ ಮನೆತನಕ ಗಾಡಿ ಕೊಡುತ್ತಾರಾ ಅಂತ ಕೇಳಿಯೇ ಸೇರಬೇಕು.

ಗುಂಡಿ ಎಲ್ಲೆಲ್ಲಿ?

ಕುಡಿತ. ಎಲ್ಲಕ್ಕಿಂತ ದೊಡ್ಡದು ಇದೇ. ದಿನಾ ಕೈಗೆಟಕುವ ಜಾಗದಲ್ಲಿ ಇರುತ್ತದೆ, ಗಿರಾಕಿ "ಒಂದ್ ಹಾಕ್ಕೋ ಅಣ್ಣಾ" ಅಂತಾನೆ. ಡ್ಯೂಟಿಯಲ್ಲಿ ಒಂದು ಹನಿಯೂ ಮುಟ್ಟುವುದಿಲ್ಲ ಅನ್ನೋ ನಿಯಮ ಮೊದಲ ದಿನದಿಂದಲೇ ಇರಬೇಕು. ಬಾರ್‌ಟೆಂಡರ್ ಆಗಲು ಕುಡಿಯಲೇಬೇಕು ಅನ್ನೋದು ಸುಳ್ಳು. ಕುಡಿತ ಹಿಡಿದವನ ಲೆಕ್ಕ ಮೊದಲು ತಪ್ಪುತ್ತದೆ, ಆಮೇಲೆ ಕೆಲಸ, ಆಮೇಲೆ ಮನೆ.

ಸೀಸನ್. ಮಳೆಗಾಲದಲ್ಲಿ ರಾಫ್ಟಿಂಗ್ ನಿಲ್ಲುತ್ತದೆ, ಪ್ರವಾಸಿಗರು ಕಡಿಮೆ. "ಜೂನ್‌ನಾಗ ಮನೀಗೆ ಹೋಗಪಾ" ಅಂತ ಕಳಿಸುವ ಜಾಗ ಇವೆ. ಆ ನಾಲ್ಕು ತಿಂಗಳು ಸುಮ್ಮನೆ ಕೂರದೆ ತರಬೇತಿಗೆ, ಪರೀಕ್ಷೆಗೆ, ಇಂಗ್ಲಿಷ್‌ಗೆ ಇಟ್ಟುಕೊಂಡವರೇ ಮುಂದೆ ಹೋಗುತ್ತಾರೆ.

ಕಾಗದ ಇಲ್ಲದ ಕೆಲಸ. ಬಾಯಿಮಾತಿನ ಸಂಬಳ, ರಜೆ ಇಲ್ಲ, ಬಿಟ್ಟಾಗ ಅನುಭವ ಪತ್ರ ಇಲ್ಲ. ಐದು ವರ್ಷ ದುಡಿದರೂ ತೋರಿಸಲು ಏನೂ ಇಲ್ಲದಿದ್ದರೆ ಮತ್ತೆ ಹೆಲ್ಪರ್‌ನಿಂದಲೇ ಶುರು. ನೇಮಕ ಪತ್ರ, ಬ್ಯಾಂಕ್ ಖಾತೆಗೆ ಸಂಬಳ, 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಪಿಎಫ್: ಈ ಮೂರನ್ನು ಕೇಳುವುದು ಜಗಳವಲ್ಲ, ಹಕ್ಕು.

ಏಜೆಂಟರು. ವಿದೇಶ, ಕ್ರೂಸ್ ಅಂತ ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ವಿದೇಶಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಹೊಲ ಅಡವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ನಾಲ್ಕು ಜನಕ್ಕೆ ತೋರಿಸಿ.

ಹೋಟೆಲ್, ಅಂಗಡಿ, ಹೋಂಸ್ಟೇ ನಡೆಸುವವರಿಗೆ ಎರಡು ಮಾತು

ಹುಡುಗರು ನಿಲ್ಲೋದಿಲ್ಲ ಅಂತ ದೂರುವ ಮಾಲೀಕರು ಒಂದು ಸಣ್ಣ ಕೆಲಸ ಮಾಡಿ ನೋಡಿ. ಸೇರಿದ ದಿನ ನೇಮಕ ಪತ್ರ ಕೊಡಿ, ವರ್ಷ ಆದ ಮೇಲೆ ಮುಂದಿನ ಮೆಟ್ಟಿಲು ಯಾವುದು ಅಂತ ಹೇಳಿ. ಟಿಪ್ಸ್ ಹಂಚಿಕೆ ಎಲ್ಲರ ಎದುರಿಗೆ ಆಗಲಿ. ಬಿಟ್ಟು ಹೋಗುವವನಿಗೂ ಅನುಭವ ಪತ್ರ ಬರೆದುಕೊಡಿ. ಒಳ್ಳೆ ಮಾತಿನಿಂದ ಹೋದವನೇ ಮುಂದಿನ ಸೀಸನ್‌ಗೆ ನಾಲ್ಕು ಹುಡುಗರನ್ನು ಕರೆತರುತ್ತಾನೆ.

ಇನ್ನೊಂದು, ಲೈಸೆನ್ಸ್ ಬೇಡದ ಕೌಂಟರ್ ಕೂಡ ಹಾಕಬಹುದು. ಮುರುಗಲು ಶರಬತ್ತು, ಸೋಲ್ ಕಡಿ, ಹಳಿಯಾಳದ ಕಬ್ಬಿನ ಹಾಲು, ಜೋಯಿಡಾದ ಜೇನು ಹಾಕಿದ ಲಿಂಬು ಪಾನಕ. ಪೇಟೆಯಿಂದ ಬಂದವರಿಗೆ ಇದೇ ಹೊಸ ರುಚಿ. ಎಫ್‌ಎಸ್‌ಎಸ್‌ಎಐ ನೋಂದಣಿ, ಶುದ್ಧ ನೀರು, ಶುದ್ಧ ಐಸ್ ಇದ್ದರೆ ಸಾಕು. ಅಳತೆ, ಲೆಕ್ಕ, ನಗುಮುಖ ಇಲ್ಲೂ ಅದೇ ಬೇಕು. ಕುಟುಂಬ ಸಮೇತ ಬರುವ ಗಿರಾಕಿ ಇಂಥ ಕೌಂಟರ್ ಹುಡುಕಿಕೊಂಡು ಬರುತ್ತಾನೆ.

ನಾಳೆ ಬೆಳಿಗ್ಗೆಯಿಂದ ಏನು ಮಾಡಬಹುದು?

ಈಗಾಗಲೇ ಈ ಕೆಲಸದಲ್ಲಿ ಇರುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಮೂರು ಸಾಲು: ಇವತ್ತು ಹೊಸದಾಗಿ ಕಲಿತದ್ದು, ಲೆಕ್ಕದಲ್ಲಿ ಬಂದ ವ್ಯತ್ಯಾಸ, ಗಿರಾಕಿ ಹೇಳಿದ ಮಾತು. ವರ್ಷದ ಕೊನೆಗೆ ಅದೇ ನಿಮ್ಮ ಪಠ್ಯಪುಸ್ತಕ, ಸಂದರ್ಶನದಲ್ಲಿ ಹೇಳಲು ಅದೇ ವಿಷಯ. ಆಗ "ಬಾರ್‌ನಲ್ಲಿ ಕೆಲಸ ಮಾಡಿದ್ದೆ" ಅಂತ ತಲೆ ತಗ್ಗಿಸಬೇಕಿಲ್ಲ. "ತಿಂಗಳಿಗೆ ಇಷ್ಟು ಮಾಲಿನ ಸ್ಟಾಕ್ ನನ್ನ ಕೈಲಿತ್ತು, ಒಂದು ಬಾಟಲಿಯ ವ್ಯತ್ಯಾಸ ಬಂದಿಲ್ಲ" ಅಂತ ಹೇಳಬಹುದು. ಕೆಲಸ ಕೊಡುವವರು ಕೇಳಬಯಸುವುದು ಈ ಮಾತನ್ನೇ.

ಮನೆಯವರಿಗೂ ಒಂದು ಮಾತು. ಮಗ ಎಲ್ಲಿ ಕೆಲಸ ಮಾಡ್ತಾನೆ ಅನ್ನೋದಕ್ಕಿಂತ ಹೇಗೆ ಮಾಡ್ತಾನೆ ಅಂತ ಕೇಳಿ. ಕುಡಿಯದೆ, ಕದಿಯದೆ, ಗಿರಾಕಿಯನ್ನು ಗೌರವದಿಂದ ನೋಡಿ ದುಡಿಯುವವನ ಕೆಲಸ ಮರ್ಯಾದೆಯ ಕೆಲಸವೇ. ಮುಂದಿನ ಸಲ ಯಾರಾದರೂ "ಹುಡುಗ ಏನ್ ಮಾಡ್ತಾನ್ರೀ?" ಅಂತ ಕೇಳಿದರೆ ಮಾತು ತಿರುಗಿಸಬೇಡಿ. "ಹೋಟೆಲ್ ಲೈನ್‌ನಾಗ ಅದಾನ್ರಿ, ಈಗ ಕೌಂಟರ್ ನೋಡ್ತಾನ, ಮುಂದ ಮ್ಯಾನೇಜರ್ ಆಗಾಂವ" ಅಂತ ಹೇಳಿ.